ಬಸ್ಸು ಹತ್ತಿ ಬಂದ ಕಣ

ಈ ಕಥೆಯನ್ನು ಸಮುದ್ರದಿಂದ ಶುರು ಮಾಡಲೋ, ಮೂಟೆಯಿಂದಲೋ? ಸಮುದ್ರವಾದರೆ ನೀವು ಇನ್ನೆರಡು ಸಾಲು ಓದುತ್ತೀರಿ, ನನಗೆ ಗೊತ್ತು. ಆದರೆ ಮಂಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಮೊದಲು ಇಳಿದದ್ದು ಮೂಟೆ, ಆಮೇಲೆ ಶಿವಮ್ಮ. ನಾನೇನು ಮಾಡಲಿ?

೧

(ಮೊದಲ ಡ್ರಾಫ್ಟ್. ಹರಿದು ಹಾಕಿದ್ದೇನೆ, ಆದರೂ ನೋಡಿ.)

ಅರಬ್ಬೀ ಕಡಲಿನ ಹೊಂಬಣ್ಣದ ತೆರೆಗಳು ಶಿವಮ್ಮನ ಪಾದಗಳಿಗೆ ಮುತ್ತಿಕ್ಕಿದಾಗ...

"ಥೂ, ಯಾರಪ್ಪ ಇದನ್ನ ಬರ್ದೋನು?" ಎಂದು ಶಿವಮ್ಮನೇ ಕೇಳಿದಳು. "ನಾನಿನ್ನೂ ಆ ಕಡೆ ತಲೆ ಹಾಕಿ ಮಲಗೂ ಇಲ್ಲ. ಮೊದ್ಲು ಮೆಣಸು ಹರವಾಕೆ ಜಾಗ ತೋರ್ಸು."

೨

ಸರಿ, ನೆಟ್ಟಗೆ ಹೇಳುತ್ತೇನೆ.

ಮದುವೆಯಾಗಿ ಮಂಗಳೂರಿಗೆ ಬಂದಾಗಿನಿಂದ ಸೌಜನ್ಯಳಿಗೆ ಒಂದೇ ಹಟ, ಚಿಕ್ಕಮ್ಮನಿಗೆ ಸಮುದ್ರ ತೋರಿಸಬೇಕು. ತಾಯಿಯಿಲ್ಲದ ಅವಳನ್ನು ಶನಿವಾರಸಂತೆ ಕಡೆಯ ತೋಟದ ಮನೆಯಲ್ಲಿ ಸಾಕಿ ಬೆಳೆಸಿದವಳು ಈ ಶಿವಮ್ಮ. ಥ್ಯಾಂಕ್ಸ್ ಅಂದರೆ "ನಾನೇನು ಹೊರಗಿನವಳಾ?" ಎಂದು ಮುಖ ತಿರುಗಿಸುವ ಹೆಂಗಸು. ಅದಕ್ಕೇ ಬಾಯಲ್ಲಿ ಹೇಳಲಾಗದ್ದನ್ನು ಊರು ತೋರಿಸಿ ಹೇಳೋಣವೆಂದು ಸೌಜನ್ಯ ಪ್ಲಾನ್ ಮಾಡಿದ್ದಳು: ಕದ್ರಿ ದೇವಸ್ಥಾನ, ಒಂದು ಗಡ್‌ಬಡ್ ಐಸ್‌ಕ್ರೀಮ್, ಕೊನೆಗೆ ತಣ್ಣೀರುಬಾವಿ ಬೀಚು. ಚಿಕ್ಕಮ್ಮ ನೀರು ನೋಡುವಾಗ ತಾನು ಚಿಕ್ಕಮ್ಮನ ಮುಖ ನೋಡಬೇಕು. ಅಷ್ಟೇ ಆಸೆ.

ಪ್ರತಿ ವರ್ಷ ಕರೆದರೂ ಒಂದೇ ಉತ್ತರ: "ಕಣದಲ್ಲಿ ಮೆಣಸೈತೆ." ಒಣಹಾಕಿದ ಕಣವನ್ನು ಒಂಟಿ ಬಿಡಬಾರದು, ಮನೆಯವರೊಬ್ಬರು ಅಲ್ಲಿರಲೇಬೇಕು ಅನ್ನೋದು ಆ ಮನೆಯ ಕಟ್ಟಳೆ. ಈ ಸಲ ಅಕಾಲದ ಮಳೆ ಬೇರೆ. ಕಾಳುಮೆಣಸು ಅರ್ಧಂಬರ್ಧ ಒಣಗಿದೆ, ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಶಿವಮ್ಮ ಮೆಣಸನ್ನೂ ಟಾರ್ಪಾಲನ್ನೂ ಹೊತ್ತುಕೊಂಡೇ ಬಂದಿದ್ದಾಳೆ.

೩

"ಅಯ್ಯೋ ಶಿವನೇ, ಎಷ್ಟೊಂದು ಬಿಸ್ಲು ದಂಡವಾಗಿ ಬಿದ್ದೈತೆ ಈ ಊರಲ್ಲಿ!"

ಫ್ಲ್ಯಾಟಿನ ಟೆರೇಸಿನ ಮೇಲೆ ಟಾರ್ಪಾಲು ಹಾಸಿ, ಮೆಣಸು ಹರವಿ, ಬರಿಗಾಲಲ್ಲಿ ಸಾಲು ಎಳೆದು ಮಗುಚುತ್ತಾ ಶಿವಮ್ಮ ಅಲ್ಲೇ ಠಿಕಾಣಿ ಹೂಡಿದಳು. ಕದ್ರಿ ತಪ್ಪಿತು. ಐಸ್‌ಕ್ರೀಮ್ ಪಾರ್ಸಲ್ ಬಂದು ಕರಗಿತು. ಸೌಜನ್ಯಳ ರಜೆ ಮುಗಿಯುತ್ತಾ ಬಂತು.

"ಮೆಣಸನ್ನ ಯಾರು ಕದೀತಾರೆ ಚಿಕ್ಕಮ್ಮ?"

"ಕಳ್ಳರಿಗಲ್ಲ ಕಣೇ, ಮೋಡಕ್ಕೆ ಹೆದ್ರೋದು."

(ಇಲ್ಲಿ ನಾನು ಮಧ್ಯೆ ಬಾಯಿ ಹಾಕಿದೆ. "ಶಿವಮ್ಮನೋರೇ, ನೀವು ಹೊರಡಿ. ಒಂದು ಪ್ಯಾರಾದಲ್ಲಿ ಒಣಗಿಸಿಬಿಡ್ತೀನಿ, ಪೆನ್ನು ನನ್ನ ಕೈಲೇ ಇದೆ." "ಪೆನ್ನಲ್ಲಿ ಒಣಗ್ಸಿದ ಮೆಣಸನ್ನ ಯಾವ ಸಾವ್ಕಾರ ತಗೋತಾನಪ್ಪ?" ಅಂದಳು. ಮರ್ಯಾದೆಯಾಗಿ ಹಿಂದೆ ಸರಿದೆ.)

ಸೌಜನ್ಯಳಿಗೆ ರೇಗಿತು. "ಮೆಣಸೇ ಹೆಚ್ಚಾದ್ರೆ ಯಾಕೆ ಬಂದೆ ಮತ್ತೆ?"

ಶಿವಮ್ಮ ಕಾಲು ನಿಲ್ಲಿಸಿದಳು. "ಇದನ್ನ ಬಿಟ್ಟು ಬರಾಕಾಗ್ತಿರ್ಲಿಲ್ಲ. ನಿನ್ನ ನೋಡ್ದೆ ಇರಾಕೂ ಆಗ್ತಿರ್ಲಿಲ್ಲ. ಅದ್ಕೆ ಹೊತ್ಕೊಂಡೇ ಬಂದೆ."

ಈ ಹೆಂಗಸು ಕಣ ಒಂಟಿ ಬಿಟ್ಟದ್ದು ಜೀವಮಾನದಲ್ಲಿ ಒಂದೇ ಸಲ. ಸೌಜನ್ಯಳಿಗೆ ಟೈಫಾಯಿಡ್ ಜ್ವರ ನೆತ್ತಿಗೇರಿದಾಗ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದಳು. ಅತ್ತ ಮಳೆ ಬಂದು, ಹರವಿದ ಕಾಫಿಯೆಲ್ಲ ನೆಂದು ಕಪ್ಪಾಗಿತ್ತು. ಅದರ ಬಗ್ಗೆ ಇವತ್ತಿನವರೆಗೂ ಒಂದು ಮಾತಾಡಿಲ್ಲ.

೫

(ನಾಲ್ಕರಲ್ಲಿ ಒಂದು ಮುಕ್ತಾಯ ಬರೆದಿದ್ದೆ. ದಿಢೀರನೆ ಮೋಡ ಕವಿದು, ಫ್ಲ್ಯಾಟಿನವರೆಲ್ಲ ಓಡಿಬಂದು ಟಾರ್ಪಾಲು ಎಳೆಯುವುದು. ಚಪ್ಪಾಳೆ ಗಿಟ್ಟುತ್ತಿತ್ತು. ಆದರೆ ಮಂಗಳೂರಿನ ಬಿಸಿಲು ನನ್ನ ಮಾತು ಕೇಳಲಿಲ್ಲ.)

ಸೌಜನ್ಯ ಚಪ್ಪಲಿ ಬಿಟ್ಟು ಟಾರ್ಪಾಲಿನ ಮೇಲೆ ಕಾಲಿಟ್ಟಳು.

"ನೀನು ಇವರ ಜೊತೆ ಸ್ಕೂಟರಲ್ಲಿ ಹೋಗ್ಬಾ. ಕಣ ನಾನು ಕಾಯ್ತೀನಿ."

"ನೀನಿಲ್ದೆ ಎಂಥಾ ಸಮುದ್ರನೇ?"

"ಮನೆಯವರೊಬ್ರು ಇರ್ಬೇಕಲ್ಲ ಚಿಕ್ಕಮ್ಮ."

ತನ್ನ ಕಟ್ಟಳೆಗೆ ತಾನೇ ಸಿಕ್ಕಿಬಿದ್ದ ಶಿವಮ್ಮ ಸೆರಗು ಸರಿಮಾಡಿಕೊಂಡಳು. ಸೌಜನ್ಯಳ ಗಂಡ ಕೀರ್ತಿಕುಮಾರ್, "ಗಟ್ಟಿಯಾಗಿ ಹಿಡ್ಕೊಳ್ಳಿ ಅತ್ತೆ," ಅಂದದ್ದು ಮೇಲಕ್ಕೆ ಕೇಳಿಸಿತು.

(ಈಗ ಫಜೀತಿ ನನ್ನದು. ಮೊದಲಿಂದ ಸೌಜನ್ಯಳ ಬೆನ್ನಿಗೆ ಅಂಟಿಕೊಂಡು ಬಂದವನು, ಅವಳನ್ನು ಬಿಸಿಲಲ್ಲಿ ಬಿಟ್ಟು ಸ್ಕೂಟರ್ ಹತ್ತುವುದು ಹೇಗೆ? ಸಮುದ್ರದ ಸೀನ್ ಇಲ್ಲ. ಬೈಯುವವರು ಬೈಯಿರಿ.)

ಅವಳು ಸಾಲು ಎಳೆದಳು. ಕಾಲು ಸುಟ್ಟಿತು. ಇಂಥದೇ ಸುಡುವ ನೆಲದ ಮೇಲೆ ನಿಂತೇ ಚಿಕ್ಕಮ್ಮ ತನ್ನನ್ನು ಸ್ಕೂಲು, ಕಾಲೇಜು, ಮದುವೆ ಎಲ್ಲ ದಾಟಿಸಿದ್ದಳು. "ನೀನಿಲ್ದಿದ್ರೆ ನಾನೆಲ್ಲಿರ್ತಿದ್ದೆ ಚಿಕ್ಕಮ್ಮ," ಎಂದು ಸೌಜನ್ಯ ಗಟ್ಟಿಯಾಗಿಯೇ ಹೇಳಿದಳು. ಬೇಡ ಅನ್ನುವವರು ಅಲ್ಲಿರಲಿಲ್ಲ. ಕಾಲಡಿಯಲ್ಲಿ ಮೆಣಸು ಗಲಗಲ ಅಂದಿತು. ಒಂದು ಕಾಳು ಹಲ್ಲಿಗಿಟ್ಟಳು. ಕಟಕ್! ಪೂರ್ತಿ ಒಣಗಿತ್ತು.

ಅಂದರೆ ಚಿಕ್ಕಮ್ಮ ನಾಳೆಯೇ ಹೊರಡುತ್ತಾಳೆ.

೬

ಹೊತ್ತು ಇಳಿಯುವಾಗ ಶಿವಮ್ಮ ಬಂದಳು. ಸೀರೆಯಂಚು ಒದ್ದೆ, ಕಾಲ ತುಂಬ ಮರಳು.

"ಹೆಂಗಿತ್ತು?"

"ಬೋ ದೊಡ್ದು ಕಣೇ. ನೀನಿರ್ಲಿಲ್ಲ ಅಂತ ಅರ್ಧನೇ ನೋಡ್ಕೊಂಡು ಬಂದೆ."

ಬಗ್ಗಿ ಒಂದು ಕಾಳು ಹೆಕ್ಕಿ ಕಚ್ಚಿದಳು. ಕಟಕ್! ಕೆಳಗಿನ ಮನೆಯವರಿಗೂ ಕೇಳಿಸಿರಬೇಕು.

"ಇನ್ನೂ ಹಸಿ ಐತೆ," ಅಂದಳು ಶಿವಮ್ಮ, ಮುಖ ನೋಡದೆ. "ನಾಳೆ ಒಂದಿನ ಬಿಸ್ಲು ಬೇಕು. ಕಣ ಅಳಿಯಂದ್ರು ಕಾಯ್ಲಿ, ಮಿಕ್ಕರ್ಧಕ್ಕೆ ನೀನೂ ಬಾ."

"ಹೂಂ ಚಿಕ್ಕಮ್ಮ, ತುಂಬಾ ಹಸಿ," ಅಂದಳು ಸೌಜನ್ಯ.

ಕಥೆಯನ್ನು ಮೂಟೆ ಕಟ್ಟಿಬಿಡೋಣವೆಂದು ನಾನು ಪೆನ್ನೆತ್ತಿದೆ. ಇಬ್ಬರೂ ಒಟ್ಟಿಗೆ ತಿರುಗಿ ನನ್ನನ್ನು ದುರುಗುಟ್ಟಿ ನೋಡಿದರು. ಕೆಳಗಿಟ್ಟೆ.