ತವರಿನ ಬುತ್ತಿಯಲ್ಲಿ ಕಬ್ಬಿಣದ ಮಾತ್ರೆ

ನಮ್ಮ ಬಾಗೂರಿನ ಹೆಂಗಸರಿಗೆ ಕಬ್ಬಿಣಾಂಶದ ಮಾತ್ರೆ, ಹರಿಯಬ್ಬೆಯ ಹೆಂಗಸರಿಗೆ ಬರೀ ಬೆರಳು ಚುಚ್ಚುವ ಸೂಜಿ. ರಕ್ತಹೀನತೆಯ ಸಂಶೋಧನೆಗೆ ಬಂದವರು ಹಾಗಂತ ತೀರ್ಮಾನಿಸಿದ್ದರು. ಒಂದೂರಿಗೆ ಮಾತ್ರೆ ಕೊಡುವುದು, ಇನ್ನೊಂದೂರಿಗೆ ಕೊಡದೆ ಅಳೆಯುವುದು, ವರ್ಷ ಕಳೆದ ಮೇಲೆ ಎರಡನ್ನೂ ಹೋಲಿಸುವುದು. ಹರಿಯಬ್ಬೆಗೆ ಮಾತ್ರೆ ಆಮೇಲೆ. ಹೊಲದಲ್ಲಿ ತಲೆಸುತ್ತಿ ಬೀಳುವ ಹೆಂಗಸಿಗೆ ರಕ್ತ ಸಾಲದು ಅಂತ ತಿಳಿಯಲು ಒಂದು ವರ್ಷ ಬೇಕೇ? ಕರಪತ್ರ ಬರೆದೆ. ‘ನಮ್ಮ ಅಕ್ಕಂದಿರು ತಕ್ಕಡಿಯ ಕಲ್ಲಲ್ಲ!’ ಹೊಸದುರ್ಗದ ಓದು ಬಳಗದಲ್ಲಿ ಗಂಟಲು ಹರಿಯುವಂತೆ ಓದಿದೆ. ಬಳಗಕ್ಕೆ ಬಳಗವೇ ಚಪ್ಪಾಳೆ ತಟ್ಟಿತು. ಬಳಗ ಅಂದರೆ ಐದು ಜನ. ಅದರಲ್ಲಿ ಓಬಣ್ಣ ಬರುವುದು ಮಂಡಕ್ಕಿ, ಮೆಣಸಿನಕಾಯಿಗೆ.

ನನ್ನ ಸಿಟ್ಟಿಗೆ ಸಿದ್ಧಾಂತವೇ ಕಾರಣ ಅಂತ ಬಳಗದವರಿಗೆ ಹೇಳಿದ್ದೆ. ನಿಜವಾದ ಕಾರಣ ನನ್ನ ಅಕ್ಕ ಏಕಾಂತಮ್ಮ. ಅವಳನ್ನು ಕೊಟ್ಟಿದ್ದು ಹರಿಯಬ್ಬೆಗೆ. ಮುಖ ಸುಣ್ಣ ಬಳಿದ ಹಾಗಾಗಿತ್ತು. ಬಿಂದಿಗೆ ಎತ್ತಿದರೆ ಅಲ್ಲೇ ಕುಂತುಬಿಡುತ್ತಿದ್ದಳು.

ತವರಿಂದ ಬರಿಗೈಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟಿನೊಳಗೆ ನನ್ನ ಹೆಂಡತಿ ಮಂಗಳಾಳ ಪಾಲಿನ ಅರ್ಧ ಮಾತ್ರೆಗಳನ್ನು ಅಡಗಿಸಿ ಒಯ್ಯತೊಡಗಿದೆ. ಮಂಗಳಾಳ ರಕ್ತದ ಬಗ್ಗೆ ನಾನಿನ್ನೂ ಕರಪತ್ರ ಬರೆದಿರಲಿಲ್ಲ. ಇದು ಭೂಗತ ಹೋರಾಟ ಅಂತ ಎದೆಯುಬ್ಬಿಸಿ ಹರಿಯಬ್ಬೆ ಕಡೆ ಹೋಗುವ ಹಿರಿಯೂರು ಬಸ್ಸು ಹತ್ತಿದರೆ, ಊರಿನ ಇನ್ನೂ ಕೆಲವರು ಅಂಥದ್ದೇ ಗಂಟು ಮಡಿಲಲ್ಲಿಟ್ಟುಕೊಂಡು ಕುಂತಿದ್ದರು. ಸಂಶೋಧಕರು ಎರಡೂರ ನಡುವಿನ ದೂರ ನೋಡಿದ್ದರು, ಬೀಗತನ ನೋಡಿರಲಿಲ್ಲ.

ಮೂರನೇ ಸಲ ರಕ್ತ ಅಳೆಯುವ ದಿನ ಹರಿಯಬ್ಬೆಯ ಶಾಲೆಗೆ ಅಕ್ಕನ ಜೊತೆ ನಾನೂ ಹೋದೆ, ಹೋರಾಡಲು. ಹಿಮೋಗ್ಲೋಬಿನ್ ಏಳಕ್ಕಿಂತ ಕೆಳಗಿದ್ದವರನ್ನು ಅವತ್ತೇ ಜೀಪಿನಲ್ಲಿ ದುರ್ಗದ ಜಿಲ್ಲಾ ಆಸ್ಪತ್ರೆಗೆ ಸೇರಿಸುವುದು ಅವರ ನಿಯಮ. ಅಕ್ಕನಿಗೆ ಆ ಜೀಪು ಸಿಗಬೇಕಿತ್ತು. ಸಂಶೋಧನಾ ತಂಡದ ಬೃಂದಾ ಡಾಕ್ಟರು ಬೆರಳು ಚುಚ್ಚಿ ನೋಡಿದರು. ಏಳೂವರೆ. ಮಾತ್ರೆಗೆ ಮುಂಚೆಯೂ ಏಳೂವರೆ, ಹೋದ ಸಲವೂ ಏಳೂವರೆ.

“ಏಳೂವರೆ ಆದ್ರೆ ಸಾಯಲ್ಲ ಅಂತ ಬರೆದುಕೊಡ್ತೀರಾ?” ಅಂತ ಎಗರಿದೆ.

ಡಾಕ್ಟರ ಗಮನ ಬೇರೆಲ್ಲೋ ಇತ್ತು. “ನನಗೆ ಅರ್ಥ ಆಗ್ತಿಲ್ಲ. ಈ ಊರಲ್ಲಿ ಮಾತ್ರೆ ಇಲ್ಲದೆ ಎಷ್ಟೋ ಜನಕ್ಕೆ ಹತ್ತು, ಹನ್ನೊಂದು ಆಗಿದೆ. ಏನು ತಿಂತೀರಮ್ಮ?”

“ತವರಿನ ಬುತ್ತಿ” ಅಂದಳು ಅಕ್ಕನ ಓರಗಿತ್ತಿ ಉಚ್ಚಂಗೆಮ್ಮ. ಸಾಲಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

ಮುಚ್ಚಿಡುವುದು ಹೇಡಿತನ ಅನ್ನಿಸಿತು. “ಹೌದು, ಮಾತ್ರೆ ತಂದುಕೊಟ್ಟೆ! ಇದು ನಮ್ಮ ಪ್ರತಿರೋಧ!” ಅಂದೆ. ಚಪ್ಪಾಳೆಗೆ ಅಭ್ಯಾಸವಾದ ಕಿವಿ ಕಾಯಿತು. ಯಾರೂ ತಟ್ಟಲಿಲ್ಲ.

ಡಾಕ್ಟರು ಹಣೆ ಒತ್ತಿಕೊಂಡರು. ಆಮೇಲೆ ಥಟ್ಟನೆ ಅಕ್ಕನ ಕಡೆ ತಿರುಗಿದರು. “ನೀವೂ ತಗೊಂಡ್ರಾ? ದಿನಾ?”

“ಹೂಂ ಕಣ್ರಿ. ತಪ್ಪಿಸಿಲ್ಲ.”

“ಎಲ್ಲರದೂ ಏರಿದೆ, ನಿಮ್ಮದು ಯಾಕೆ ಏರಿಲ್ಲ? ತುಂಬಿದ್ದೆಲ್ಲ ಎಲ್ಲೋ ಸೋರ್ತಿದೆ. ಏನಾಗ್ತಿದೆ ಹೇಳಿ.”

ಅಕ್ಕ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ದಮನಿತರ ಮೌನ! ತುಂಬುವುದು ನನ್ನ ಕರ್ತವ್ಯ. “ಅಪೌಷ್ಟಿಕತೆ, ಮೇಡಂ. ಬೇರು ಊಳಿಗಮಾನ್ಯ ವ್ಯವಸ್ಥೆಯಲ್ಲೈತೆ.”

“ನಾನು ಅವರನ್ನ ಕೇಳಿದ್ದು.”

“ಅವಳ ಪರವಾಗಿ ನಾನು…”

“ಏ ಹಾಲೇಶಪ್ಪ,” ಉಚ್ಚಂಗೆಮ್ಮ ನನ್ನ ರಟ್ಟೆ ಹಿಡಿದಳು, “ಹೊರಗೆ ನಡಿಯಪ್ಪ. ಒಡಹುಟ್ಟಿದ ಗಂಡಸು ಎದುರಿಗೆ ಕಂಬ ನಿಂತಂಗೆ ನಿಂತ್ರೆ ಹೆಣ್ಣು ಹೆಂಗೆ ಬಾಯಿ ಬಿಡ್ತಾಳೆ?”

ದನಿ ಅಡಗಿಸುವ ಸಂಚು ಅಂತ ಕೂಗುತ್ತಲೇ ಹೊರಬಿದ್ದೆ. ಬಾಗಿಲು ಮುಚ್ಚಿತು. ಮೆಟ್ಟಿಲ ಮೇಲೆ ಧರಣಿ ಕುಂತೆ. ಒಂದು ಕೋಳಿ ಬಂದು ನನ್ನನ್ನು ಸುತ್ತಿಕೊಂಡು ಹೋಯಿತು. ಒಳಗೆ ಅಕ್ಕನ ದನಿ. ಅವಳು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

ಬಾಗಿಲು ತೆಗೆದ ಡಾಕ್ಟರು ಜೀಪಿನವನನ್ನು ಕರೆದರು. “ತಿಂಗಳುಗಟ್ಟಲೆ ರಕ್ತಸ್ರಾವ. ಗರ್ಭಕೋಶದಲ್ಲಿ ಗಡ್ಡೆ ಇರಬಹುದು. ಇದಕ್ಕೆ ಏಳರ ಲೆಕ್ಕ ಬೇಕಿಲ್ಲ, ಇವತ್ತೇ ಹೋಗಬೇಕು.” ಆಮೇಲೆ ನನಗೆ: “ನಿಮ್ಮೂರಿಗೆ ಕೊಟ್ಟು ಈ ಊರಿಗೆ ಕೊಡದಿದ್ದಕ್ಕೆ ಬೈಯ್ರಿ, ಕೇಳಿಸ್ಕೊಳ್ತೀನಿ. ಆದರೆ ಮಾತ್ರೆ ವಿಷಯ ಮೊದಲೇ ಹೇಳಿದ್ದಿದ್ರೆ ಹೋದ ಸಲಾನೇ ಹಿಡೀತಿದ್ದೆ.”

ಜೀಪು ಹತ್ತಲು ಹೋದೆ.

“ನೀನು ಬ್ಯಾಡ,” ಅಂದಳು ಅಕ್ಕ. “ಉಚ್ಚಂಗಿ ಬರ್ತಾಳೆ. ನಿಮ್ಮ ಭಾವ ಬರೋತನಕ ಎಮ್ಮೆ ನೋಡ್ಕ.”

ಸಂಜೆ ಹಾಲು ಕರೆಯಲು ಹೋದರೆ ಎಮ್ಮೆ ನನ್ನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮೊದಲ ಒದೆಗೆ ಚೆಂಬು, ಎರಡನೆಯದಕ್ಕೆ ನಾನು. ಸಗಣಿಯಿಂದ ಏಳುವಾಗ ಫೋನು ಬಂತು.

“ರಕ್ತ ಏರಿಸ್ತಾವ್ರೆ ಕಣೋ,” ಅಕ್ಕ ಅಂದಳು. “ಗಡ್ಡೆನೇ ಐತಂತೆ. ರಕ್ತ ತುಂಬಿದ ಮ್ಯಾಲೆ ಕೊಯ್ದು ತೆಗೀತಾರಂತೆ. ಭಯ ಆಗ್ತೈತೆ, ತಮ್ಮ.”

ಆಸ್ಪತ್ರೆಗಳ ಖಾಸಗೀಕರಣದ ವಿರುದ್ಧ ಒಂದು ಒಳ್ಳೆ ಮಾತು ನಾಲಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

“ಯಾವಾಗಿಂದಕ್ಕ ಹಿಂಗೆ?” ಅಂದೆ.

ವಾರ್ಡಿನ ಗದ್ದಲದ ನಡುವೆಯೇ, “ನಿನ್ನತ್ರ ಹೆಂಗೋ ಹೇಳಲಿ…” ಅನ್ನುತ್ತಲೇ ಹೇಳತೊಡಗಿದಳು. ಬೆನ್ನಿಗೆ ಅಂಟಿದ ಸಗಣಿ ಒಣಗುತ್ತಿತ್ತು. ನಾನು ಕುಂತಲ್ಲೇ ಕುಂತು ಕೇಳಿದೆ.