ಮೊಣಕಾಲುದ್ದ ನೀರಿನಲ್ಲಿ

ಇಲ್ಲಿ ಬೇಡ, ಆ ತಿರುವು ದಾಟಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡ. ಹೀಗೆ ಎಂದುಕೊಂಡು ದಾಟಿದ ನಾಲ್ಕನೆಯ ತಿರುವು ಇದು.

ಮುಂದೆ ಷಡ್ಡಕ ನಡೆಯುತ್ತಿದ್ದ. ಹೆಂಡತಿಯ ತಂಗಿಯ ಗಂಡ, ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು. ಬಂಡೆಗಳಿಗೂ ಆಜ್ಞೆ ಕೊಡುವವನ ಹಾಗೆ ನೀರನ್ನು ಸೀಳಿಕೊಂಡು ಹೋಗುತ್ತಿದ್ದ ಆ ಅಗಲ ಬೆನ್ನನ್ನೇ ನೋಡುತ್ತ ಇವನು ಹಿಂದೆ ಕಾಲೆಳೆಯುತ್ತಿದ್ದ. ಊರು ಕಾದ ಕಾವಲಿಯಾಗಿರುವಾಗ ಬೆಟ್ಟದ ಹೊಳೆಯೊಳಗೆ ಮೇಲಕ್ಕೆ ನಡೆಯುವುದು ಷಡ್ಡಕನದೇ ಯೋಜನೆ. ದಂಡೆಯ ಮೇಲಲ್ಲ, ನೀರೊಳಗೇ. ಅಕ್ಕತಂಗಿಯರು ಮೊದಲ ಮಡುವಿನಲ್ಲೇ ಕಾಲು ಇಳಿಬಿಟ್ಟು ಕೂತುಬಿಟ್ಟರು. ಹೊರಡುವಾಗ ಹೆಂಡತಿ ಹೇಳಿದ್ದಿಷ್ಟು: "ರೀ, ಇವತ್ತಾದ್ರೂ ಅವರ ಜೊತೆ ನಾಲ್ಕು ಮಾತಾಡಿ."

ನಾಲ್ಕು ಇರಲಿಲ್ಲ. ಆಡಬೇಕಾದದ್ದು ಒಂದೇ ಮಾತು.

ಇವನು ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡುವ ಡಾಕ್ಟರು. ಕತ್ತಲೆ ಕೋಣೆಯಲ್ಲಿ ಕೂತು ದಿನಕ್ಕೆ ಎಪ್ಪತ್ತು ಎದೆಗಳನ್ನು ಓದುತ್ತಾನೆ. ಮುಖ ಓದುವ ಗೋಜಿಲ್ಲ. ಹನ್ನೆರಡು ದಿನದ ಹಿಂದೆ, ಶಾಲೆಯವರು ಆರೋಗ್ಯದ ಪತ್ರ ಕೇಳಿದ್ದಾರೆಂದು ಷಡ್ಡಕ ಬಂದು ಯಂತ್ರದ ಮುಂದೆ ಎದೆಯುಬ್ಬಿಸಿ ನಿಂತಿದ್ದ. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಅಂಗಿ ಗುಂಡಿಯಷ್ಟು ಒಂದು ಬಿಳಿ ಕಲೆ. ಅಂಚು ಮುಳ್ಳುಮುಳ್ಳು. ಅಂಥ ಅಂಚು ಹೆಚ್ಚಾಗಿ ಕ್ಯಾನ್ಸರಿನದೆಂದು ಅವನಿಗೆ ಗೊತ್ತು.

ಅಂದೇ ಸಂಜೆ ಮಾವನ ಮನೆಯಲ್ಲಿ ಎಲ್ಲರೂ ಸೇರಿದ್ದರು. ಷಡ್ಡಕ ಅವನ ನಕಲು ಮಾಡಿ ತೋರಿಸಿದ. ಕುತ್ತಿಗೆ ಚಾಚಿ, ಕಣ್ಣು ಕಿರಿದು ಮಾಡಿ, ಅತ್ತೆಯ ಮುಖವನ್ನೇ ದಿಟ್ಟಿಸಿ, "ಯಾರಿದು? ಎಲುಬು ಕಂಡಿದ್ರೆ ಗುರುತು ಹಿಡೀತಿದ್ದೆ!" ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಡತಿಯೂ ನಕ್ಕಳು, ಮುಚ್ಚುಮರೆಯಿಲ್ಲದೆ, ಅವನೆದುರು ಎಂದೂ ನಗದ ಹಾಗೆ. ಆ ಗದ್ದಲದ ನಡುವೆಯೇ ಷಡ್ಡಕ ಕೇಳಿದ: "ನನ್ನ ಎದೇಲಿ ಏನಾದ್ರೂ ಸಿಕ್ತಾ ಭಾವ?"

"ಏನಿಲ್ಲ" ಎಂದುಬಿಟ್ಟ.

ಮಾರನೆಯ ದಿನ ಫೋನ್ ಮಾಡಿ ತಿದ್ದಬಹುದಿತ್ತು. ಮಾಡಲಿಲ್ಲ. ಮೂರನೆಯ ದಿನಕ್ಕೆ, ಎರಡು ದಿನ ಯಾಕೆ ಸುಮ್ಮನಿದ್ದೆ ಎಂಬುದಕ್ಕೂ ಉತ್ತರ ಬೇಕಾಯಿತು. ಈಗ ಹನ್ನೆರಡು ದಿನಕ್ಕೆ ಉತ್ತರ ಹೊಂದಿಸಬೇಕು.

ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿ ಮಂಡಿಯೂರಿ ಬಿದ್ದ. ಷಡ್ಡಕ ತಿರುಗಿ ನೋಡಿ ಮೊದಲು ನಕ್ಕ, ಆಮೇಲೆ ಕೈ ಚಾಚಿದ.

"ಕಪ್ಪು ಕಲ್ಲು ಜಾರತ್ತೆ ಭಾವ. ನೋಡ್ಕೊಂಡು ಕಾಲಿಡಿ."

"ಗೊತ್ತು."

"ಗೊತ್ತಿದ್ದೂ ಬಿದ್ರಾ?"

ಎತ್ತಿ ನಿಲ್ಲಿಸಿದ ಮೇಲೂ ಕೈ ಬಿಡಲಿಲ್ಲ. ಮುಂದಿನ ಸೆಳವು ದಾಟುವ ತನಕ ಎಳೆದುಕೊಂಡೇ ಹೋದ. ಈ ಮನುಷ್ಯನ ಮೇಲೆ ತನಗೆ ಕನಿಕರ ಹುಟ್ಟಬೇಕಿತ್ತು. ತನ್ನೊಳಗೆ ತಡಕಿ ನೋಡಿಕೊಂಡ. ಸಿಕ್ಕಿದ್ದು ಹಳೆಯ ಸಿಟ್ಟು. ಅದರಡಿಯಲ್ಲಿ ಇನ್ನೊಂದಿತ್ತು: ಇವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತು ಎಂಬ ಸಣ್ಣ ಸುಖ. ಹನ್ನೆರಡು ದಿನದಿಂದ ಅದನ್ನು ಪೆಪ್ಪರಮೆಂಟಿನ ಹಾಗೆ ದವಡೆಯಲ್ಲಿಟ್ಟು ಚೀಪುತ್ತಿದ್ದಾನೆ.

ಐದನೆಯ ತಿರುವಿನಲ್ಲಿ ಷಡ್ಡಕ ತಾನಾಗಿಯೇ ಬಂಡೆಗೊರಗಿ ನಿಂತ. ಏದುಸಿರು. ಇವನಿಗಿಂತ ಆರು ವರ್ಷ ಚಿಕ್ಕವನು.

"ಆ ಫಿಲ್ಮ್ ನೀವು ಕೊಡಲೇ ಇಲ್ಲ ಭಾವ."

"ಆಸ್ಪತ್ರೇಲಿದೆ."

"ಶಾಲೇಲಿ ಕೇಳ್ತಿದಾರೆ."

"ಇನ್ನೊಂದ್ಸಲ ತೆಗೀಬೇಕು."

"ಯಾಕೆ?"

ಯಾಕೆ. ಇಗೋ ಬಂತು. ನೀರಿನ ಸದ್ದು ಜೋರಾಗಿತ್ತು. ಹೇಳಿದರೆ ಕೂಗಿ ಹೇಳಬೇಕು. ಇಂಥದ್ದನ್ನು ಯಾರಾದರೂ ಕೂಗಿ ಹೇಳುತ್ತಾರೆಯೇ?

"ಸರಿಯಾಗಿ ಬಂದಿಲ್ಲ."

ಷಡ್ಡಕ ಅವನನ್ನೇ ನೋಡಿದ. ಕ್ಷಣ ಹೊತ್ತು ಆ ಮುಖದಲ್ಲಿ ನಗು ಇರಲಿಲ್ಲ. "ನಿಮಗೆ ನನ್ನ ಕಂಡ್ರೆ ಆಗಲ್ಲ ಅಲ್ವಾ ಭಾವ?"

"ಹಾಗೇನಿಲ್ಲ."

"ನಿಮ್ಮ 'ಏನಿಲ್ಲ'ಕ್ಕೆ ಏನರ್ಥ ಅಂತ ಹದಿನಾಲ್ಕು ವರ್ಷದಿಂದ ನೋಡ್ತಾನೇ ಇದೀನಿ" ಎಂದು ಷಡ್ಡಕ ಮುಂದೆ ನಡೆದ.

ಆಗ ಮೇಲೆಲ್ಲೋ ಅಣೆಕಟ್ಟಿನ ಸೈರನ್ ಕೂಗಿತು. ಇವನು ಗಾಬರಿಯಿಂದ ದಂಡೆಯತ್ತ ನೆಗೆದ. ಆದರೆ ನೀರು ನುಗ್ಗಿ ಬರಲಿಲ್ಲ, ಇಳಿಯತೊಡಗಿತು. ಮೊಣಕಾಲಿಂದ ಮೀನಖಂಡಕ್ಕೆ, ಅಲ್ಲಿಂದ ಪಾದದ ಗಂಟಿಗೆ. ಯಾರೋ ತೊಟ್ಟಿಯ ಬಿರಟೆ ಎಳೆದ ಹಾಗೆ.

"ಅಣೆಕಟ್ಟಿನ ಗೇಟು ಹಾಕಿದ್ರು ಭಾವ! ಇಷ್ಟೊತ್ತು ಅವರು ಬಿಟ್ಟ ನೀರಲ್ಲೇ ನಡೀತಿದ್ವಿ ನಾವು!"

ಸದ್ದು ನಿಂತಿತು. ಎಷ್ಟು ನಿಂತಿತೆಂದರೆ, ಷಡ್ಡಕನ ಎದೆಯ ಸಿಳ್ಳು ಇಷ್ಟು ದೂರಕ್ಕೂ ಕೇಳಿಸಿತು. ಇನ್ನು ಪಿಸುಗುಟ್ಟಿದರೂ ಸಾಕಿತ್ತು.

ಕಲ್ಲುಗಳ ನಡುವೆ ಬೆರಳುದ್ದದ ಮೀನುಗಳು ಎಲ್ಲೆಲ್ಲೂ ಪಟಪಟ ಬಡಿದುಕೊಳ್ಳುತ್ತಿದ್ದವು. ಷಡ್ಡಕ ಓಡಾಡಿ ಅವನ್ನು ಬೊಗಸೆಯಲ್ಲಿ ತುಂಬಿ ತುಂಬಿ, ಬಂಡೆಯ ಬುಡದಲ್ಲಿ ಉಳಿದಿದ್ದ ಗುಂಡಿಗೆ ಸುರಿಯತೊಡಗಿದ. ಬಗ್ಗುವುದು, ಏಳುವುದು, ಕೆಮ್ಮುವುದು, ಮತ್ತೆ ಬಗ್ಗುವುದು.

"ಸುಮ್ನೆ ನಿಂತ್ಕೋಬೇಡಿ ಭಾವ, ಹೆಕ್ಕಿ!"

ಅವನು ಬಗ್ಗಿ ಒಂದನ್ನು ಹೆಕ್ಕಿಕೊಂಡ. ಅದು ಬಾಲ ಬಡಿಯಿತು. ಅಂಗೈ ಮಡಚಿದ.

"ಎಸೀರಿ ಈ ಕಡೆ! ನಾನು ಹಿಡ್ಕೋತೀನಿ!"

ಹತ್ತು ಹೆಜ್ಜೆ ಆಚೆ ಷಡ್ಡಕ ಎರಡೂ ಕೈ ಒಡ್ಡಿ ಕಾಯುತ್ತಿದ್ದ. ಇವನು ನಿಂತೇ ಇದ್ದ. ಮುಷ್ಟಿಯಲ್ಲಿ ಬಾಲದ ಬಡಿತ ನಿಧಾನವಾಯಿತು. ಆಮೇಲೆ ಬಾಯಿಯೊಂದೇ ಅವನ ಬೆರಳಿಗೆ ತಾಗಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ತೆರೆಯುತ್ತಿತ್ತು.