ಅಳು ಬಾರದ ದೀಪಶ್ರೀ

ನಾಗಮಂಗಲದ ಅಕ್ಕಸಾಲಿಗರ ಮನೆಯ ದೀಪಶ್ರೀ ಹದಿನಾರನೇ ವಯಸ್ಸಿನಲ್ಲಿ, ನೆಟ್‌ವರ್ಕ್ ಸಿಗದ ಮಾವನೊಬ್ಬನ ಮೇಲೆ ಪಾಪ್ ಹಾಡು ಹಾಡಿ ಜಿಲ್ಲೆಯ ಟ್ರಾಕ್ಟರುಗಳನ್ನೆಲ್ಲ ಕುಣಿಸಿಬಿಟ್ಟಿದ್ದಳು. ಪಾಂಡವಪುರದ ಕಡೆ ಕಬ್ಬಿನ ಲೋಡು ಬರುವುದಕ್ಕೆ ಮೊದಲೇ ಆ ಹಾಡು ಬಂದು ಮುಟ್ಟುತ್ತಿತ್ತು.

ಆಮೇಲೆ ಸಿನಿಮಾಕ್ಕೆ ಹೋದಳು. ಅಲ್ಲಿ ಬಾಯಿ ಬಿಡದೆ ಹೆಸರು ಮಾಡಿದಳು. ತೆರೆಯ ಮೇಲೆ ಗಂಡ ಬಿಟ್ಟುಹೋದರೂ ಸುಮ್ಮನೆ ನೋಡಿದಳು, ಮನೆಗೆ ಬೆಂಕಿ ಬಿದ್ದರೂ ಸುಮ್ಮನೆ ನೋಡಿದಳು. ಕಣ್ಣಲ್ಲೇ ನಟಿಸುತ್ತಾಳೆ ಎಂದು ಪತ್ರಿಕೆಯವರು ಬರೆದರು, ಪ್ರಶಸ್ತಿಗಳೂ ಬಂದವು. ಅಳಲು ಬಾರದೆ ಸುಮ್ಮನಿರುತ್ತಾಳೆಂಬುದು ಅವಳೊಬ್ಬಳಿಗೇ ಗೊತ್ತು. ಸ್ಕೂಟರಿನಲ್ಲಿ ಕೂರಿಸಿಕೊಂಡು ಊರೂರು ಹಾಡಿಸಿದ ಅಪ್ಪ ತೀರಿಕೊಂಡಾಗಲೂ, ಬಂದವರಿಗೆಲ್ಲ ಕಾಫಿ ಆಯಿತೇ ಎಂದು ವಿಚಾರಿಸುತ್ತ ಓಡಾಡಿದ್ದಳು.

ಈಗ ಗೋವಿಂದನಹಳ್ಳಿ ಪಕ್ಕದ ಊರಲ್ಲಿ ಶೂಟಿಂಗು. ಗಂಡನ ಹೆಣದ ಮುಂದೆ ಗೋಳಾಡಬೇಕು. ನಿರ್ದೇಶಕಿ ಪ್ರಮೀಳಾ ಗ್ಲಿಸರಿನ್ ಹತ್ತಿರ ಸುಳಿಯಲು ಬಿಡುವವಳಲ್ಲ. "ಈ ಸೀನು ಕೆಟ್ಟರೆ ಪಿಚ್ಚರೇ ಇಲ್ಲ" ಎಂದು ಹೇಳಿಬಿಟ್ಟಿದ್ದಳು.

ಅಳು ಕಲಿಸಲು ಸೋಮಮ್ಮ ಬಂದಳು. ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವುದರಲ್ಲಿ ಸುತ್ತಮುತ್ತ ಅವಳನ್ನು ಮೀರಿಸುವವರಿಲ್ಲ. ದೀಪಶ್ರೀ "ಓ ನನ್ನ ದೊರೆಯೇ" ಎಂದು ಶುರುಮಾಡಿದಳು. ಒಂದು ಸ್ವರ ಅತ್ತಿತ್ತ ಹೋಗಲಿಲ್ಲ. ನೋಡಲು ನೆರೆದವರು ತಲೆದೂಗಿದರು. ಕಾಂಪೌಂಡಿನ ಮೇಲಿನಿಂದ ಯಾರೋ "ಒನ್ಸ್ ಮೋರ್!" ಎಂದರು. ಹೆಣವಾಗಿ ಮಲಗಿದ್ದ ನಟ ರಘುನಂದನನ ಹೊಟ್ಟೆ ನಗು ತಡೆಯಲಾರದೆ ಕುಲುಕಿತು.

"ಇದೇನವ್ವ, ಎಣದ್ ಮುಂದೆ ಆರ್ಕೆಸ್ಟ್ರಾ ಇಕ್ಕಂಡಿದ್ದೀಯ!" ಎಂದಳು ಸೋಮಮ್ಮ. "ಒಗಳ್ಬ್ಯಾಡ, ಬಯ್ಯಿ. ಸತ್ತೋರ್ನ ಬಯ್ಕಂಡೇ ಅಳಾದು ಕಣವ್ವ."

"ಬಯ್ಯೋ ಅಂಥದ್ದು ಇವರೇನೂ ಮಾಡಿಲ್ಲವಲ್ಲ?"

"ಸತ್ತೋಗವ್ನಲ್ಲ, ಅದ್ ಸಾಲ್ದಾ?"

ಟೇಕ್ ಶುರುವಾಯಿತು. ದೀಪಶ್ರೀ ಎದೆ ಬಡಿದುಕೊಂಡು ಕೂಗಿದಳು. ಕೂಗು ಜೋರಾಗಿತ್ತು, ಕಣ್ಣು ಮಾತ್ರ ಒಣಗಿಯೇ ಇತ್ತು.

ಆಗ ರಸ್ತೆಯಲ್ಲಿ ಜಯಲಕ್ಷ್ಮಮ್ಮ ಎಂಬ ಮುದುಕಿ ಕೆ.ಆರ್.ಪೇಟೆಯ ಬಸ್ಸಿಳಿದು ಹೋಗುತ್ತಿದ್ದಳು. ಆ ಕಡೆಯ ಹೆಂಗಸರಿಗೆ ಅಳು ಕಿವಿಗೆ ಬಿದ್ದರೆ ಮೊದಲು ಹೋಗಿ ತಬ್ಬಿ ಅಳುವುದು, ಸತ್ತವರು ಯಾರೆಂದು ಆಮೇಲೆ ಕೇಳುವುದು ರೂಢಿ. ಚೀಲ ಬಿಸಾಡಿ, ಲೈಟು, ಕ್ಯಾಮೆರಾ ಯಾವುದನ್ನೂ ಲೆಕ್ಕಿಸದೆ ನುಗ್ಗಿದವಳೇ ದೀಪಶ್ರೀಯ ಕೊರಳಿಗೆ ಬಿದ್ದಳು.

"ಅಯ್ಯೋ ನನ್ ಮಗ್ಳೇ! ಒಬ್ಳುನ್ನೇ ಮಾಡ್ಬುಟ್ಟು ಓದ್ರಲ್ಲವ್ವಾ!"

ಪ್ರಮೀಳಾ 'ಕಟ್' ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ದೀಪಶ್ರೀಯ ಸ್ವರ ಜಾರಿತು. ಒಡೆದ ಗಂಟಲಲ್ಲಿ ಬೈಗುಳ ಹೊರಟಿತು:

"ಎಲ್ಮೆಟ್ಟು ನನ್ ತಲೆಗಾಕ್ಬುಟ್ಟು ನೀನ್ ಬರೀ ತಲೇಲಿ ಬತ್ತಿದ್ದಲ್ಲಪ್ಪಾ! ಮಳೆ ಬಂದ್ರೆ ನಿನ್ ಅಂಗಿ ಬಿಚ್ಚಿ ಮೈಕ್‌ಗೆ ಸುತ್ತಿದ್ದಲ್ಲ, ನಿಂಗ್ಯಾರ್ ಯೋಳಿದ್ರು? ಬುದ್ಧಿ ಬ್ಯಾಡ್ವಾ ನಿಂಗೆ?"

ಕಥೆಯಲ್ಲಿ ಹೆಲ್ಮೆಟ್ಟೂ ಇರಲಿಲ್ಲ, ಅಪ್ಪನೂ ಇರಲಿಲ್ಲ. ಇವಳು ಯಾರನ್ನು ಬಯ್ಯುತ್ತಿದ್ದಾಳೆಂದು ಹೆಣ ಒಂದು ಕಣ್ಣು ತೆರೆದು ನೋಡಿತು. ಪ್ರಮೀಳಾ ತೆರೆದ ಬಾಯಿ ತೆರೆದಂತೆಯೇ ನಿಂತಳು.

ಕೊನೆಗೂ ಕಟ್ ಆಯಿತು. ಜಯಲಕ್ಷ್ಮಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಅದ್ಸರಿ, ಓಗಿರಾದು ಯಾರವ್ವ?" ಎಂದು ಕೇಳಿದಳು.

ರಘುನಂದನ ಎದ್ದು ಕೂತು ಕೈ ಮುಗಿದ. "ನಾನು ಕಣಮ್ಮ."

ಮುದುಕಿ ಚೀರಿ ಹಿಂದಕ್ಕೆ ಹಾರಿದಳು. ವಿಷಯ ತಿಳಿದ ಮೇಲೆ ಅವನ ಬೆನ್ನಿಗೆ ಒಂದು ಗುದ್ದು ಹಾಕಿದಳು. "ಥೂ ನಿನ್ ಮನೆ ಕಾಯೋಗ! ಅಷ್ಟೊಂದ್ ಕಣ್ಣೀರು ದಂಡ ಮಾಡ್ಸುದ್ಯಲ್ಲೋ!"

ಎಲ್ಲರೂ ನಕ್ಕರು. ಟೀ ಬಂತು, ಬೋಂಡ ಬಂತು. ದೀಪಶ್ರೀ ಮಾತ್ರ ಚಾಪೆ ಬಿಟ್ಟು ಏಳಲಿಲ್ಲ. ಬಿಕ್ಕುತ್ತಲೇ ಇದ್ದಳು.

"ಸಾಕು ಬುಡವ್ವ," ಎಂದಳು ಜಯಲಕ್ಷ್ಮಮ್ಮ. "ನಿನ್ ಗಂಡ ಎದ್ಬುಟ್ಟು ಬೋಂಡ ತಿಂತಾವ್ನೆ ನೋಡು."

"ಒಸಿ ತಡಿಯಜ್ಜಿ. ಈಗ ಸುರುವಾಗದೆ."

ಮುದುಕಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಪಕ್ಕದಲ್ಲಿ ಕೂತು, ಸೊಂಟದಿಂದ ಎಲೆಅಡಿಕೆ ಚೀಲ ತೆಗೆದಳು.

"ಅಳವ್ವ. ನಂಗೇನ್ ಅರ್ಜೆಂಟಿಲ್ಲ."